ಯಾರ ಲಯಕ್ಕೆ ಯಾರ ಮೈ

ಕೊಲ್ಲಾಪುರದಲ್ಲಿ ಮೈ ಎಂದರೆ ಪೈಲವಾನನ ಮೈ. ಉಳಿದವರಿಗೆ ಇರುವುದು ಬರೀ ಶರೀರ. ಗಂಗಾವೇಶ, ಮೋತಿಬಾಗ, ಶಾಹೂಪುರಿ ತಾಲೀಮುಗಳಲ್ಲಿ ಕೋಳಿ ಕೂಗುವ ಮೊದಲೇ ಎದ್ದು, ಬೈಠಕು ಹೊಡೆದು, ದಂಡ ಹಾಕಿ, ಮಜ್ಜಿಗೆ ಅರಿಸಿನ ಎಣ್ಣೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನಲ್ಲಿ ಜೋರು ಮಾಡುವ ಹುಡುಗನಿಗೆ ಸಿಗುವ ಮರ್ಯಾದೆ ಈ ಊರಿನಲ್ಲಿ ಎಂಜಿನಿಯರನಿಗೂ ಸಿಗುವುದಿಲ್ಲ. ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿದರು. ಊರಿಗೆ ಮರಳಿದ ಮೇಲೆ ಅದೇ ಧಾಟಿಯ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದರು, 1912ರಲ್ಲಿ ಅದು ಸಿದ್ಧವಾಯಿತು. ವಿಲಾಯಿತಿಗೆ ಹೋದ ರಾಜರು ಗಡಿಯಾರ, ಮೋಟಾರು, ಪಿಯಾನೋ ತಂದದ್ದು ಗೊತ್ತು. ಇವರು ತಂದದ್ದು ಅಖಾಡದ ನಕ್ಷೆ. ಇಂಥ ಊರಿಗೆ ಪಿಲಾಟೀಸ್ ಬಂದರೆ ಜನ ನಗದೆ ಇನ್ನೇನು ಮಾಡಿಯಾರು? ಚಾಪೆಯ ಮೇಲೆ ಅಂಗಾತ ಮಲಗಿ, ಕಾಲೆತ್ತಿ, ಹೊಕ್ಕಳನ್ನು ಬೆನ್ನಿನ ಕಡೆಗೆ ಎಳೆದುಕೊಂಡು ಉಸಿರು ಎಣಿಸುವುದೂ ಒಂದು ಕಸರತ್ತೇ? ಮೊಬೈಲಿನಲ್ಲಿ ಮುಂಬೈಯ ಸಿನಿಮಾ ತಾರೆಯರು ಮಾಡುವುದನ್ನು ನೋಡಿದವರಿಗೆ ಅದು ಹಣವಂತರ ಚಾಳಿಯಾಗಿಯೇ ಕಾಣುತ್ತದೆ. ಇತ್ತ ಇಚಲಕರಂಜಿಯ ಮಗ್ಗದವನಿಗೂ ಗಡಹಿಂಗ್ಲಜದ ಹೊಲದಲ್ಲಿ ಕಳೆ ಕೀಳುವವಳಿಗೂ ದಿನವಿಡೀ ಮೈ ಮುರಿಯುವುದೇ ಇದೆ, ಅವರಿಗೆ ಯಾಕೆ ಬೇಕು ಇದೆಲ್ಲ ಎಂದು ಇನ್ನೊಂದು ಮಾತು ಬರುತ್ತದೆ. ನಗುವವರ ಜತೆ ಸ್ವಲ್ಪ ದೂರ ಹೋಗಲು ನನ್ನದೇನೂ ತಕರಾರಿಲ್ಲ. ಆದರೆ ಮೈಗೆ ನೆಮ್ಮದಿ ಬರುವುದು ಎಷ್ಟು ದುಡಿದೆವು ಎಂಬ ಲೆಕ್ಕದಿಂದ ಎಂದು ಅವರು ನಂಬಿದ್ದಾರಲ್ಲ, ಅಲ್ಲಿ ನಾನು ಬೇರೆ ದಾರಿ ಹಿಡಿಯುತ್ತೇನೆ. ಆ ದುಡಿಮೆಯ ಲಯ ಗೊತ್ತುಮಾಡುವವರು ಯಾರು, ಯಂತ್ರವೋ ಯಜಮಾನನೋ ಅಥವಾ ಆ ಮೈಯ ಒಡೆಯನೋ, ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಮೊದಲು ಆ ನಗೆಗೀಡಾದ ಕಸರತ್ತನ್ನು ಕಟ್ಟಿದ ಜರ್ಮನ್ ಮನುಷ್ಯನ ವಿಚಾರ. ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಮೊಂಚೆನ್‌ಗ್ಲಾಡ್‌ಬಾಖ್ ಎಂಬಲ್ಲಿ. ಬಟ್ಟೆ ಗಿರಣಿಗಳಿಂದಾಗಿ ಆ ಊರಿಗೆ ರೈನ್ ಸೀಮೆಯ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಕರೆಸಿಕೊಳ್ಳುವ ಇಚಲಕರಂಜಿಯವರು ಅವನನ್ನು ದೂರದ ನಂಟ ಎಂದುಕೊಂಡರೂ ತಪ್ಪಿಲ್ಲ. ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸ, ಮೇಲೆ ಎಲುಬು ಮೆತ್ತಗಾಗುವ ರಿಕೆಟ್ಸ್. ತಂದೆ ಜಿಮ್ನಾಸ್ಟಿಕ್ಸ್ ಬಲ್ಲವನು. ಹುಡುಗ ಕಸರತ್ತಿನಿಂದಲೇ ಮೈ ಕಟ್ಟಿಕೊಂಡ, ಇಂಗ್ಲೆಂಡಿಗೆ ಹೋದ. ಮೊದಲ ಮಹಾಯುದ್ಧ ಶುರುವಾದಾಗ ಶತ್ರುದೇಶದವನೆಂದು ಅವನನ್ನು ಹಿಡಿದಿಟ್ಟರು. ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಮುಳ್ಳುತಂತಿಯ ಒಳಗಿದ್ದರು. ಅಲ್ಲಿ ಅವನು ಜತೆಯ ಬಂದಿಗಳಿಗೆ ಕಲಿಸಿದ್ದೇ ಮುಂದಿನ ಪದ್ಧತಿಯ ಬೀಜ. ಆಸ್ಪತ್ರೆಯ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ರೋಗಿಗಳಿಗೆ ಕಸರತ್ತು ಮಾಡಿಸಿದ ಎಂಬ ಕಥೆಯನ್ನು ಪಿಲಾಟೀಸ್ ಶಿಕ್ಷಕರು ಆಸೆಯಿಂದ ಹೇಳುತ್ತಾರೆ, ಹೇಳಲಿ. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಂಗಾತಿ ಕ್ಲಾರಾಳ ಜತೆ ಶಾಲೆ ತೆರೆದ. ನೃತ್ಯದವರು, ಅದರಲ್ಲೂ ಕಾಲು ಬೆನ್ನು ಕೆಡಿಸಿಕೊಂಡವರು, ಬರತೊಡಗಿದರು. ತನ್ನ ಪದ್ಧತಿಗೆ ಅವನಿಟ್ಟ ಹೆಸರು ಕಂಟ್ರಾಲಜಿ. 1945ರ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ಕಸರತ್ತುಗಳಿವೆ. ಮೊದಲನೆಯದಕ್ಕೆ ನೂರು ಎಂದೇ ಹೆಸರು. ಅಂಗಾತ ಮಲಗಿ ಕಾಲು ಚಾಚಿ ನೆಲದಿಂದ ತುಸು ಮೇಲೆತ್ತಬೇಕು, ತಲೆ ಮತ್ತು ಹೆಗಲನ್ನೂ ಎತ್ತಬೇಕು, ಕೈಗಳನ್ನು ಪಕ್ಕೆಯ ಉದ್ದಕ್ಕೆ ನೇರ ಚಾಚಿ ಗೇಣುದ್ದ ಮೇಲೆ ಕೆಳಗೆ ಬಡಿಯಬೇಕು: ಐದು ಬಡಿತಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ, ಹೀಗೆ ಹತ್ತು ಸಲ. ನೋಡುವವರಿಗೆ ಇದು ಆಟ. ಮೂರನೆಯ ಸುತ್ತಿಗೆ ಹೊಟ್ಟೆ ನಡುಗಲು ಹತ್ತುತ್ತದೆ, ಆರನೆಯದಕ್ಕೆ ಕುತ್ತಿಗೆ ಬಿಗಿಯುತ್ತದೆ, ಎಣಿಕೆ ತಪ್ಪುತ್ತದೆ. ನೂರು ಬೈಠಕು ಸಲೀಸಾಗಿ ಹೊಡೆಯುವ ಗಟ್ಟಿ ಆಳು ಕೂಡ ಇಲ್ಲಿ ಉಸಿರು ಹಿಡಿದುಬಿಡುತ್ತಾನೆ. ಯಾಕೆಂದರೆ ಇದರಲ್ಲಿ ಜೋರಿನ ಕೆಲಸ ಕಡಿಮೆ, ಗಮನದ ಕೆಲಸ ಹೆಚ್ಚು.

ಈಗ ಇಚಲಕರಂಜಿ. ಪಂಚಗಂಗೆಯ ದಡದ ಈ ಊರಿಗೆ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪಾವರ್‌ಲೂಮ್ ತಂದರು. ಇವತ್ತು ಓಣಿ ಓಣಿಯಲ್ಲಿ ಖಡಖಡ ಸದ್ದು. ಹೊಸ ಕಾಲದ ಲಾಳಿಯಿಲ್ಲದ ಮಗ್ಗಗಳು ಬಂದಿದ್ದರೂ ಲಾಳಿಯ ಹಳೆಯ ಮಗ್ಗಗಳು ಇನ್ನೂ ಓಡುತ್ತಲೇ ಇವೆ. ಅವನ್ನು ನಡೆಸುವವನ ಕೆಲಸ ಹತ್ತಿರದಿಂದ ನೋಡಬೇಕು. ಕಂಡಿಕೆಯ ನೂಲು ಕೆಲವೇ ನಿಮಿಷಕ್ಕೆ ತೀರುತ್ತದೆ, ಮಗ್ಗ ನಿಲ್ಲುತ್ತದೆ. ಲಾಳಿ ಹೊರತೆಗೆದು, ಬರಿದಾದ ಕಂಡಿಕೆ ಕಿತ್ತು, ತುಂಬಿದ್ದನ್ನು ಸಿಕ್ಕಿಸಿ, ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಎಳೆದು ಮತ್ತೆ ಚಾಲೂ ಮಾಡುವಷ್ಟರಲ್ಲಿ ಪಕ್ಕದ್ದು ನಿಂತಿರುತ್ತದೆ. ಹಾಸಿನ ಎಳೆ ಹರಿಯಿತೋ, ಮಗ್ಗದ ಮೇಲೆ ಅರ್ಧ ಮೈ ಚಾಚಿ ಬಗ್ಗಿ ಹಣಿಗೆಯ ಸಂದಿಯಲ್ಲಿ ಎಳೆ ಪೋಣಿಸಬೇಕು. ಇಂಥ ನಾಲ್ಕಾರು ಮಗ್ಗ ಒಬ್ಬನಿಗೆ, ಹನ್ನೆರಡು ತಾಸಿನ ಪಾಳಿ, ಮಾತು ಕೇಳಿಸದ ಸದ್ದು. ಪಾಳಿ ಮುಗಿಸಿ ಬಂದವನಿಗೆ ಟೊಂಕ ಹಿಡಿದಿರುತ್ತದೆ, ಮೀನಖಂಡ ಕಲ್ಲಾಗಿರುತ್ತದೆ. ಇವನ ಮುಂದೆ ವ್ಯಾಯಾಮದ ಮಾತೆತ್ತುವುದು ಹೊಟ್ಟೆ ತುಂಬಿದವರ ಧಿಮಾಕು ಅಲ್ಲವೇ? ಇದು ಈ ವಿಷಯದಲ್ಲಿ ಬರುವ ಅತ್ಯಂತ ಗಟ್ಟಿ ಆಕ್ಷೇಪ, ಹಗುರಾಗಿ ತಳ್ಳಿಹಾಕುವಂಥದಲ್ಲ. ಆದರೆ ಪುರಾವೆ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನ ಹೊತ್ತಿನಲ್ಲಿ ಹೆಚ್ಚು ಮೈ ಆಡಿಸುವವರಿಗೆ ಹೃದಯದ ತೊಂದರೆಯೂ ಸಾವೂ ಕಡಿಮೆ ಕಂಡಿತು. ಕೆಲಸದಲ್ಲಿ ಹೆಚ್ಚು ಮೈ ದಣಿಸುವವರಲ್ಲಿ ಅವೆರಡೂ ಹೆಚ್ಚು ಕಂಡವು. ಬೆವರು ಅದೇ, ಫಲ ಬೇರೆ. ಇಡೀ ದಿನ ಎಳೆದಾಡುವ ಕೆಲಸದಲ್ಲಿ ನಾಡಿಯೂ ರಕ್ತದೊತ್ತಡವೂ ತಾಸುಗಟ್ಟಲೆ ಏರಿದಂತೆಯೇ ಇರುತ್ತವೆ, ಅದೇ ಸ್ನಾಯು ಅದೇ ಭಂಗಿಯಲ್ಲಿ ಸವೆಯುತ್ತದೆ, ಚೇತರಿಸಿಕೊಳ್ಳಲು ಬಿಡುವಿಲ್ಲ ಎಂಬುದು ಸಂಶೋಧಕರು ಕೊಡುವ ವಿವರಣೆ.

ಬಡತನ, ತಂಬಾಕು, ಕೆಟ್ಟ ಮನೆ, ಕಡಿಮೆ ನಿದ್ದೆ ಇವೇ ದುಡಿಯುವವರನ್ನು ಕೊಲ್ಲುತ್ತವೆ, ಕೆಲಸ ಅಲ್ಲ ಎಂದು ವಾದಿಸುವವರಿದ್ದಾರೆ. ಆ ಅಧ್ಯಯನದವರು ಓದು, ವರಮಾನ, ಧೂಮಪಾನಗಳನ್ನು ಲೆಕ್ಕದಲ್ಲಿ ಹಿಡಿದೇ ಈ ಮಾತು ಹೇಳಿದ್ದಾರೆ. ಆದರೂ ಬದುಕಿನ ಎಲ್ಲ ತೊಡಕನ್ನೂ ಒಂದು ಕೋಷ್ಟಕ ಹಿಡಿದಿಡಲಾರದು ಎಂಬುದು ಒಪ್ಪತಕ್ಕದ್ದೇ. ಜತೆಗೆ ಎದುರು ಸಾಕ್ಷಿಯೂ ಒಂದಿದೆ, ಅದು ಇನ್ನೂ ಹಳೆಯದು. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು ಮತ್ತು ಕಂಡಕ್ಟರುಗಳನ್ನು ಹೋಲಿಸಿ ನೋಡಿದ. ಒಂದೇ ಬಸ್ಸು, ಒಂದೇ ಬಗೆಯ ಮನೆತನ, ಹೆಚ್ಚುಕಮ್ಮಿ ಅದೇ ಸಂಬಳ. ಕೂತೇ ಇರುವ ಡ್ರೈವರಿಗಿಂತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದಯಾಘಾತ ಕಡಿಮೆ. ವ್ಯಾಯಾಮ ವಿಜ್ಞಾನದ ಬುನಾದಿಯೇ ಈ ಕಂಡಕ್ಟರು. ಅಂದಮೇಲೆ ಕೆಲಸದ ಚಲನೆಯೆಲ್ಲ ಕೆಟ್ಟದ್ದು ಎನ್ನುವಂತಿಲ್ಲ. ಕಂಡಕ್ಟರು ಹತ್ತುತ್ತಾನೆ, ನಿಲ್ಲುತ್ತಾನೆ, ನಾಲ್ಕು ಮಾತಾಡುತ್ತಾನೆ, ಚಿಲ್ಲರೆ ಹುಡುಕುತ್ತಾನೆ, ಮತ್ತೆ ಇಳಿಯುತ್ತಾನೆ. (ನಮ್ಮ ಎಸ್‌ಟಿ ಬಸ್ಸಿನಲ್ಲಿ ಜಾತ್ರೆಯ ದಿನ ಹಿಂದಿನ ಸೀಟಿನಿಂದ ಬಾಗಿಲ ತನಕ ಬರುವ ಕಂಡಕ್ಟರು ಮಾಡುವ ಕಸರತ್ತಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ.) ಅವನ ಹೆಜ್ಜೆಯ ವೇಗ ಬಹುಮಟ್ಟಿಗೆ ಅವನ ಕೈಯಲ್ಲೇ ಇದೆ. ಮಗ್ಗದವನ ವೇಗ ಕಂಡಿಕೆಯ ಕೈಯಲ್ಲಿದೆ. ಕಬ್ಬಿನ ಕಟಾವಿಗೆ ಬರುವ ಗ್ಯಾಂಗಿನವರ ವೇಗ ಕಾರ್ಖಾನೆಯ ಗಾಡಿಯ ಕೈಯಲ್ಲಿದೆ. ಹಾಗಿರುವಾಗ ಮಗ್ಗದವನಿಗೆ ಇನ್ನಷ್ಟು ಬೆವರು ಸುರಿಸು ಎಂದು ಹೇಳುವುದು ದಡ್ಡತನ. ಅವನಿಗೆ ಬೇಕಾದದ್ದು ಹನ್ನೆರಡು ತಾಸು ಒಂದೇ ಕಡೆ ಬಗ್ಗಿದ ಬೆನ್ನನ್ನು ಇನ್ನೊಂದು ಕಡೆಗೆ ತಿರುಗಿಸುವ, ಮೇಲೆತ್ತಿದ ಹೆಗಲನ್ನು ಇಳಿಸುವ, ಸದ್ದಿನ ನಡುವೆ ಹಿಡಿದಿಟ್ಟ ಉಸಿರನ್ನು ಪೂರ್ತಿ ಹೊರಗೆ ಬಿಡುವ ಹತ್ತು ಹದಿನೈದು ನಿಮಿಷ. ಅದಕ್ಕೆ ಮೊದಲು ಪಾಳಿಯೇ ಚಿಕ್ಕದಾಗಬೇಕು ಎನ್ನುವವರ ಪಕ್ಕಕ್ಕೇ ನಾನೂ ನಿಲ್ಲುತ್ತೇನೆ. ಆದರೆ ಪಾಳಿ ಚಿಕ್ಕದಾಗುವ ತನಕ ಟೊಂಕ ಕಾಯುವುದಿಲ್ಲ.

ಹೆಂಗಸರ ಲೆಕ್ಕಕ್ಕೆ ಬಂದರೆ ಈ ತೊಡಕು ಇನ್ನೂ ಬಿಗಿಯಾಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಗಂಡಸು 97 ನಿಮಿಷ. ಇತ್ತ ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಹೊರತಂದ ಅಂದಾಜಿನಲ್ಲಿ, ಭಾರತದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಅದು ಶೇ. 42. ಐದು ತಾಸು ಮನೆಯಲ್ಲಿ ದುಡಿಯುವವಳೇ ಜಡ ಎಂದು ಲೆಕ್ಕಕ್ಕೆ ಬರುವುದು ವಿಚಿತ್ರವೇ. ಸಮೀಕ್ಷೆ ಮಾಡುವವರಿಗೆ ಅಡುಗೆಮನೆ ಕಾಣುವುದಿಲ್ಲ ಎಂದು ಜಗಳಕ್ಕೆ ನಿಲ್ಲಬಹುದು, ನಿಲ್ಲಲೂಬೇಕು. ಆದರೆ ಇಂಥ ಸಮೀಕ್ಷೆಗಳ ಪ್ರಶ್ನಾವಳಿಯಲ್ಲಿ ಮನೆಗೆಲಸವೂ ಕೆಲಸವೆಂದೇ ಸೇರಿರುತ್ತದೆ. ಗ್ಯಾಸ್ ಕಟ್ಟೆಯ ಮುಂದೆ ನಿಂತ ನಿಲುವಿನಲ್ಲಿ ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು, ಮತ್ತೊಬ್ಬರ ಊಟದ ಹೊತ್ತಿಗೆ ತನ್ನ ಕೈ ಹೊಂದಿಸುವುದು, ಇವು ದಣಿಸುತ್ತವೆ, ಉಸಿರೇರಿಸುವುದಿಲ್ಲ. ದಣಿವಿಗೂ ಚೈತನ್ಯಕ್ಕೂ ನಡುವಿನ ಈ ಅಂತರವನ್ನು ಲೆಕ್ಕದವರು ಹೇಳುವ ಮೊದಲೇ ಈ ಸೀಮೆಯ ಹೆಂಗಸರು ಬಲ್ಲರು. ಇಲ್ಲದಿದ್ದರೆ ಶ್ರಾವಣ ಬಂದ ಕೂಡಲೇ ಜೋಕಾಲಿಗೆ ಓಡುತ್ತಿರಲಿಲ್ಲ. ನಾಗರ ಪಂಚಮಿಗೆ ಗಡಹಿಂಗ್ಲಜ ಕಡೆಯ ಹಳ್ಳಿಗಳಲ್ಲಿ, ಕನ್ನಡ ಮನೆಯಿರಲಿ ಮರಾಠಿ ಮನೆಯಿರಲಿ, ಮರಕ್ಕೆ ಹಗ್ಗ ಬೀಳುತ್ತದೆ. ನಿಂತು ಜೀಕುವುದನ್ನು ನೋಡಿ: ಕೆಳಗೆ ಬರುವಾಗ ಮೊಣಕಾಲು ಮಡಿದು ಕುಕ್ಕರಿಸಬೇಕು, ಮೇಲೇರುವ ಗಳಿಗೆಗೆ ಸರಿಯಾಗಿ ಕಾಲು ಚಾಚಿ ನಡು ಮುಂದಕ್ಕೆ ತಳ್ಳಬೇಕು, ಹಗ್ಗ ಹಿಡಿದ ಕೈ ಸಡಿಲಬಾರದು. ತಾಳ ತಪ್ಪಿದರೆ ಜೋಕಾಲಿ ಏರುವುದಿಲ್ಲ. ಗೌರಿ ಗಣಪತಿಯ ದಿನಗಳ ಝಿಮ್ಮಾ ಫುಗಡಿಯೂ ಹಾಗೇ. ಇಬ್ಬರು ಎದುರುಬದುರು ಪಾದ ಜೋಡಿಸಿ ನಿಂತು, ಕೈ ಅಡ್ಡಡ್ಡ ಹಿಡಿದು, ಬೆನ್ನು ಹಿಂದಕ್ಕೆ ಚೆಲ್ಲಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಗಿರ್ರನೆ ತಿರುಗುತ್ತಾರೆ. ಒಬ್ಬಳ ಭಾರವನ್ನು ಇನ್ನೊಬ್ಬಳು ತೂಗುವ ಈ ಆಟದಲ್ಲಿ ಹೊಟ್ಟೆ ಬಿಗಿಹಿಡಿಯದಿದ್ದರೆ ಇಬ್ಬರೂ ನೆಲಕ್ಕೆ. ಪಿಲಾಟೀಸ್ ಶಿಕ್ಷಕಿ ಬಾಯಿ ನೋಯುವಂತೆ ಹೇಳಿ ಕಲಿಸುವ ಹೊಟ್ಟೆಯ ಬಿಗಿ ಇಲ್ಲಿ ಬೀಳುವ ಭಯದಿಂದ ತಾನಾಗಿ ಬರುತ್ತದೆ. ಐವತ್ತು ದಾಟಿದವರೂ ಸೀರೆಯ ಸೆರಗು ಸಿಕ್ಕಿಸಿ ಇಳಿಯುತ್ತಾರೆ, ನಕ್ಕು ನಕ್ಕು ಸಾಕಾಗುತ್ತದೆ. ತೊಂದರೆಯೆಂದರೆ ಹಬ್ಬ ಮುಗಿದ ಮರುದಿನ ಹಗ್ಗ ಅಟ್ಟ ಸೇರುತ್ತದೆ. ಗಂಡುಹುಡುಗರಿಗೆ ಗಡಹಿಂಗ್ಲಜದಲ್ಲಿ ವರ್ಷವಿಡೀ ಫುಟ್ಬಾಲಿದೆ, ಕೊಲ್ಲಾಪುರದ ಪೇಟೆ ಪೇಟೆಯ ತಾಲೀಮಿಗೂ ಒಂದೊಂದು ಫುಟ್ಬಾಲ್ ತಂಡವಿದೆ. ಅವರ ಅವ್ವಂದಿರಿಗೆ ವರ್ಷಕ್ಕೆ ಹತ್ತು ಹನ್ನೆರಡು ದಿನದ ಪರವಾನಗಿ. ಈಚೆಗೆ ಹುಡುಗಿಯರೂ ಕುಸ್ತಿಗೆ ಇಳಿದಿದ್ದಾರೆ, ಅದು ಸಂತೋಷದ ಸುದ್ದಿ. ಆದರೆ ಕುಸ್ತಿಗೆ ಇಳಿಯದ, ಗೆಲ್ಲುವ ಇರಾದೆಯೂ ಇಲ್ಲದ ನಲವತ್ತರ ಹೆಂಗಸಿಗೆ ಎದುರಾಳಿಯಿಲ್ಲದ ಕಸರತ್ತು ಬೇಕಲ್ಲ? ಪಿಲಾಟೀಸಿನ ಬಗ್ಗೆ ನನಗಿರುವ ಗೌರವ ಬಹುಪಾಲು ಇದೊಂದೇ ಕಾರಣಕ್ಕೆ: ಅದರಲ್ಲಿ ಯಾರನ್ನೂ ಚಿತ್ ಮಾಡಬೇಕಾಗಿಲ್ಲ.

ಹಾಗಿದ್ದರೆ ಯೋಗವೇ ಇದೆಯಲ್ಲ, ಮಲ್ಲಕಂಬವಿದೆ, ಸೂರ್ಯನಮಸ್ಕಾರವಿದೆ, ಜರ್ಮನಿಯವನ ಹೆಸರು ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೊಲ್ಲಾಪುರದ ಉತ್ತರಕ್ಕೆ ಸಾತಾರೆ ಜಿಲ್ಲೆಯಲ್ಲಿರುವ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ, ಸೂರ್ಯನಮಸ್ಕಾರವನ್ನು ದೇವರ ಮನೆಯಿಂದ ಶಾಲೆಯ ಬಯಲಿಗೆ ತಂದು ಮಕ್ಕಳೆಲ್ಲ ಮಾಡಬೇಕೆಂದು ಕಟ್ಟಳೆ ಮಾಡಿದವರು. ಅದು ಕಳೆದ ಶತಮಾನದ ಮೊದಲ ದಶಕಗಳ ಮಾತು. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಅಲ್ಲಿ ಕಲಿತ ಕೋಲಾರ ಸೀಮೆಯ ಬೆಳ್ಳೂರಿನ ಹುಡುಗ, ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಉಂಡವನು, 1937ರಲ್ಲಿ ಪುಣೆಗೆ ಬಂದು ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಆದರು. ಹಗ್ಗ, ಇಟ್ಟಿಗೆಯಾಕಾರದ ಕಟ್ಟಿಗೆ, ಕುರ್ಚಿ, ಪಟ್ಟಿ ಇವನ್ನೆಲ್ಲ ಬಳಸಿ ಬಗ್ಗಲಾರದ ಮೈಯನ್ನೂ ಬಗ್ಗಿಸಬಹುದೆಂದು ತೋರಿಸಿದರು. ಇತ್ತ ನ್ಯೂಯಾರ್ಕಿನಲ್ಲಿ ಅದೇ ವರ್ಷಗಳಲ್ಲಿ ಇನ್ನೊಬ್ಬ ರೋಗಿಷ್ಠ ಹುಡುಗ ದೊಡ್ಡವನಾಗಿ ಸ್ಪ್ರಿಂಗು, ಪಟ್ಟಿ, ಜಾರುವ ಮಂಚ ಇಟ್ಟುಕೊಂಡು ಅದೇ ಕೆಲಸ ಮಾಡುತ್ತಿದ್ದ. ಒಬ್ಬರನ್ನೊಬ್ಬರು ಕಂಡವರಲ್ಲ. ನಾವು ಸನಾತನ ಎಂದು ಎದೆತಟ್ಟಿ ಹೇಳುವ ವ್ಯಾಯಾಮದ ಇಂದಿನ ರೂಪಗಳು ಬಹಳಷ್ಟು ಇದೇ ಕಾಲದಲ್ಲಿ, ಗರಡಿ, ಜಿಮ್ನಾಸ್ಟಿಕ್ಸ್, ಸೈನ್ಯದ ಕವಾಯತು ಎಲ್ಲ ಬೆರೆತ ಗಾಳಿಯಲ್ಲಿ ಕುದುರಿದವು. ಯೋಗ ಮಾಡುವವರು ಯೋಗವನ್ನೇ ಮಾಡಲಿ. ಅವರ ಚಾಪೆ ಕಿತ್ತುಕೊಳ್ಳಲು ಯಾರೂ ಬಂದಿಲ್ಲ. ಖಾಸಬಾಗಿಗೆ ರೋಮಿನ ನಕ್ಷೆ ನಡೆಯಿತು ಎಂಬುದನ್ನು ಮಾತ್ರ ನೆನಪಿಟ್ಟರೆ ಸಾಕು.

ಇನ್ನು ಪಿಲಾಟೀಸ್ ಭಕ್ತರಿಗೂ ಒಂದು ಮಾತು. ಈ ಪದ್ಧತಿ ಎಲ್ಲಕ್ಕಿಂತ ಶ್ರೇಷ್ಠ ಎಂದು ಪುರಾವೆ ಹೇಳುವುದಿಲ್ಲ. ಬೆನ್ನಿನ ಕೆಳಭಾಗದ ನೋವಿನ ಬಗ್ಗೆ 2015ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆ 10 ಪ್ರಯೋಗಗಳನ್ನು, 510 ಜನರ ಫಲಿತಾಂಶವನ್ನು ಒಟ್ಟು ಮಾಡಿ ನೋಡಿತು. ಏನೂ ಮಾಡದೆ ಇರುವುದಕ್ಕಿಂತ ಪಿಲಾಟೀಸ್ ಮಾಡುವುದು ಮೇಲು ಎಂದು ಕಂಡಿತು; ಬೇರೆ ವ್ಯಾಯಾಮಗಳಿಗಿಂತ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಸ್ಟುಡಿಯೋ ನಡೆಸುವವರಿಗೆ ಇದು ಕಹಿ ಅನಿಸಬಹುದು. ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ಟೊಂಕಕ್ಕೆ ಹಲವು ದಾರಿಗಳು ಹೆಚ್ಚುಕಡಿಮೆ ಸಮ ಎಂದಾದರೆ ಮನಸ್ಸಿಗೆ ಹಿಡಿಸುವ ದಾರಿ ಹಿಡಿಯಲು ಯಾರ ಅಪ್ಪಣೆಯೂ ಬೇಡ. ಮನಸ್ಸಿನ ವಿಚಾರದಲ್ಲೂ ಪುರಾವೆಯ ಒಲವು ಹೀಗೇ. ಖಿನ್ನತೆಯ ಮೇಲೆ ವ್ಯಾಯಾಮದ ಪರಿಣಾಮ ಕುರಿತ 218 ಪ್ರಯೋಗಗಳನ್ನು, 14,170 ಜನರನ್ನು ಒಟ್ಟುಗೂಡಿಸಿ 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನಡಿಗೆ, ಓಟ, ಯೋಗ, ಭಾರ ಎತ್ತುವುದು, ಕುಣಿತ ಎಲ್ಲವೂ ಉಪಕಾರಕ್ಕೆ ಬಂದಿವೆ. ಆ ಪ್ರಯೋಗಗಳಲ್ಲಿ ಹಲವು ಸಣ್ಣವು, ಅಷ್ಟೇನೂ ಬಿಗಿಯಿಲ್ಲದವು ಎಂದು ಬರೆದವರೇ ಒಪ್ಪಿದ್ದಾರೆ. ಔಷಧಿ ಬಿಟ್ಟು ಫುಗಡಿಗೆ ಹೋಗಿ ಎಂದು ಇದರ ಅರ್ಥವಲ್ಲ. ಆದರೆ ಜೋತಿಬಾನ ಚೈತ್ರ ಯಾತ್ರೆಯಲ್ಲಿ ಮನೆಯ ಮಾಳಿಗೆಗಿಂತ ಎತ್ತರದ ಸಾಸನಕಾಠಿ ಎಂಬ ಕಂಬವನ್ನು ಹೊತ್ತು, ಸುತ್ತ ನಾಲ್ಕು ಜನ ಹಗ್ಗ ಹಿಡಿದು ತೂಗುತ್ತಿರಲು, ಗುಲಾಲಿನ ನಡುವೆ ಹಲಗೆಯ ತಾಳಕ್ಕೆ ಕುಣಿಯುವವನ ಮುಖ ನೋಡಿದವರಿಗೆ ಕೋಷ್ಟಕದ ಅಗತ್ಯ ಅಷ್ಟಾಗಿ ಬೀಳದು. ಅದೇ ಭಾರವನ್ನು ಕೂಲಿಗೆ ಹೊರಿಸಿದ್ದರೆ ಆ ಮುಖ ಬೇರೆ ಇರುತ್ತಿತ್ತು.

ಗಡಹಿಂಗ್ಲಜದಂಥ ತಾಲೂಕಿನ ಊರಿನಲ್ಲಿ ಸ್ಟುಡಿಯೋ ಬಾರದೆ ಏನೂ ಕೆಡುವುದಿಲ್ಲ, ಆದರೆ ಅಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತಿರುವುದು ಬೇರೆಯೇ ಇದೆ: ನೆಲ. ಒಂದು ತಲೆಮಾರಿನ ಹಿಂದೆ ಈ ಸೀಮೆಯಲ್ಲಿ ಊಟ ನೆಲದ ಮೇಲೆ, ಅಡುಗೆ ನೆಲದ ಮೇಲೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ಕಾಳು ಹಸನು ಮಾಡುವುದು, ಹರಟೆ, ಪಾಯಖಾನೆ ಎಲ್ಲ ಕುಕ್ಕರುಗಾಲಿನಲ್ಲಿ ಇಲ್ಲವೇ ಚಕ್ಕಳಮಕ್ಕಳದಲ್ಲಿ. ದಿನಕ್ಕೆ ಹತ್ತಾರು ಸಲ ನೆಲಕ್ಕಿಳಿದು ನೆಲದಿಂದ ಏಳುವುದನ್ನು ಯಾರೂ ವ್ಯಾಯಾಮ ಎಂದು ಕರೆಯಲಿಲ್ಲ. ಈಗ ಮದುವೆಯಲ್ಲೂ ಪಂಕ್ತಿ ಹೋಗಿ ಬಫೆ ಬಂದಿದೆ, ಮಠದ ಪ್ರಸಾದಕ್ಕೂ ಕುರ್ಚಿ ಹುಡುಕುತ್ತೇವೆ. ಬ್ರೆಜಿಲಿನಲ್ಲಿ ಕ್ಲಾಡಿಯೋ ಅರೌಜೋ ಮತ್ತು ಸಂಗಡಿಗರು 51ರಿಂದ 80 ವಯಸ್ಸಿನ 2,002 ಜನರಿಗೆ ಒಂದು ಸರಳ ಪರೀಕ್ಷೆ ಕೊಟ್ಟು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರಿಗಾಲಲ್ಲಿ ನಿಂತು ನೆಲಕ್ಕೆ ಕೂತು ಮತ್ತೆ ಏಳಬೇಕು. ಒಟ್ಟು ಹತ್ತು ಅಂಕ. ಕೈ ಊರಿದರೆ ಒಂದು ಹೋಯಿತು, ಮೊಣಕಾಲು ಊರಿದರೆ ಇನ್ನೊಂದು, ತೂಗಾಡಿದರೆ ಅರ್ಧ. ಕಡಿಮೆ ಅಂಕ ಬಂದವರು ಮುಂದಿನ ವರ್ಷಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ತೀರಿಕೊಂಡರು. ನೆಲದಿಂದ ಏಳುವುದೇ ಆಯುಷ್ಯ ಕೊಡುತ್ತದೆಂದಲ್ಲ. ಕಾಲಿನ ಬಲ, ಸಂದುಗಳ ಸಡಿಲ, ತೂಕ ಸಂಭಾಳಿಸುವ ಹದ ಇವೆಲ್ಲ ಎಷ್ಟು ಉಳಿದಿವೆ ಎಂದು ಅದು ತೋರಿಸುತ್ತದೆ. ಹಳೆಯದೆಲ್ಲ ಒಳ್ಳೆಯದು ಎಂಬ ಹಾಡು ಹಾಡಲು ನನಗೆ ಮನಸ್ಸಿಲ್ಲ. ಮೊಣಕಾಲು ಸವೆದ ಮುದುಕಿಗೆ ಕಮೋಡು ವರದಾನ. ಇಡೀ ದಿನ ಕುಕ್ಕರಿಸಿ ಮೆಣಸಿನಕಾಯಿ ಬಿಡಿಸುವ ಕೂಲಿಯವಳಿಗೆ ನೆಲವೇ ಶಿಕ್ಷೆ. ನೆಲ ಬಿಡಲಾಗದವಳಿಗೆ ಕುರ್ಚಿ ಬೇಕು, ಕುರ್ಚಿ ಬಿಡದವರಿಗೆ ನೆಲ ಬೇಕು. ಒಂದು ಹೊತ್ತಿನ ಊಟವನ್ನು ಜಮಖಾನದ ಮೇಲೆ ಮಾಡಿದರೆ ಅದಕ್ಕೆ ಶುಲ್ಕವೂ ಇಲ್ಲ, ಬೇರೆ ವೇಳೆಯೂ ಬೇಡ. ಪುರುಸೊತ್ತಿಲ್ಲ ಎನ್ನುವವರಿಗೂ ಈಗ ನೆಪ ಕಡಿಮೆ: ವಾರಕ್ಕೆ 150 ನಿಮಿಷ ಚಟುವಟಿಕೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಒಂದೊಂದು ಕಂತೂ ಹತ್ತು ನಿಮಿಷಕ್ಕೆ ಕಡಿಮೆಯಿರಬಾರದು ಎನ್ನುತ್ತಿತ್ತು, 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನು ಕೈಬಿಟ್ಟಿದೆ. ರಂಕಾಳ ಕೆರೆಯ ದಂಡೆಯ ಬೆಳಗಿನ ನಡಿಗೆಯೂ ಲೆಕ್ಕ, ಬಸ್ ಸ್ಟ್ಯಾಂಡಿನ ಮೆಟ್ಟಿಲೂ ಲೆಕ್ಕ.

ಉಳಿದದ್ದು ದುಡ್ಡು ಮತ್ತು ಜಾಗ. ಜಾರುವ ಮಂಚದ ಯಂತ್ರಕ್ಕೆ ಲಕ್ಷಗಟ್ಟಲೆ ಬೀಳುತ್ತದೆ, ಅದು ಬೇಡ. 34 ಕಸರತ್ತಿಗೂ ಬೇಕಾದದ್ದು ಚಾಪೆ, ಗಾಳಿ, ಒಬ್ಬ ಬಲ್ಲವರು. ಬಲ್ಲವರು ಎಂಬುದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಲುಬು ಸವೆದವರು, ಬೆನ್ನೆಲುಬಿನ ಡಿಸ್ಕ್ ಸರಿದವರು, ಬಾಣಂತಿಯರು ಮೊಬೈಲ್ ನೋಡಿ ಬೆನ್ನು ಸುರುಳಿ ಸುತ್ತಲು ಹೋದರೆ ಒಳ್ಳೆಯದಕ್ಕೆ ಬದಲು ಕೆಟ್ಟದ್ದೇ ಆದೀತು. ಊರಿನ ಫಿಜಿಯೋಥೆರಪಿಯವರು ಯಾವುದು ಕೂಡದು ಎಂದು ಒಂದೇ ಭೇಟಿಯಲ್ಲಿ ಹೇಳಬಲ್ಲರು. ಜಾಗದ ಪ್ರಶ್ನೆಗೆ ಕೊಲ್ಲಾಪುರದವರು ತಲೆ ಕೆರೆದುಕೊಳ್ಳುವ ಅಗತ್ಯವೇ ಇಲ್ಲ. 1952ರಲ್ಲಿ ಪೈಲವಾನ ಖಾಶಾಬಾ ಜಾಧವ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ದುಡ್ಡಿಲ್ಲದೆ ನಿಂತಾಗ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಆತ ಕಂಚಿನ ಪದಕ ತಂದ, ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಒಬ್ಬನೇ ಗೆದ್ದ ಮೊದಲ ಪದಕ ಅದು. ಒಂದು ಮೈಗಾಗಿ ಮನೆ ಒತ್ತೆಯಿಟ್ಟ ಸೀಮೆಯಿದು. ಸಾವಿರ ಮೈಗಳಿಗಾಗಿ ಮನೆ ಇಡಬೇಕಿಲ್ಲ, ಬಾಗಿಲು ತೆರೆದರೆ ಸಾಕು. ಪೈಲವಾನರು ಉಳಿದು ಅಭ್ಯಾಸ ಮಾಡುವ ದೊಡ್ಡ ತಾಲೀಮುಗಳನ್ನು ಬಿಡಿ. ಪೇಟೆಗಳ ಎಷ್ಟೋ ತಾಲೀಮುಗಳಲ್ಲಿ ಇವತ್ತು ಗಣಪತಿ, ಫುಟ್ಬಾಲು, ಒಂದಿಷ್ಟು ಡಂಬೆಲ್ಸು ಬಿಟ್ಟರೆ ನಡುಹಗಲಿನಲ್ಲಿ ಏನೂ ನಡೆಯುವುದಿಲ್ಲ. ಮಣ್ಣಿನ ಅಖಾಡ ಮುಟ್ಟುವುದೇ ಬೇಡ, ಅದಕ್ಕೆ ಅದರದೇ ಮಡಿ ಇದೆ. ಪಕ್ಕದ ಫರಸಿ ಹಾಸಿದ ಕೋಣೆ ಸಾಕು. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ, ಹನ್ನೊಂದರಿಂದ ಹನ್ನೆರಡು, ವಾರಕ್ಕೆ ಮೂರು ದಿನ, ಗಲ್ಲಿಯ ಹೆಂಗಸರಿಗೆ. ಇಚಲಕರಂಜಿಯಲ್ಲಿ ಅದೇ ಕೋಣೆಯನ್ನು ಪಾಳಿ ಬದಲಾಗುವ ಹೊತ್ತಿಗೆ ಅರ್ಧ ತಾಸು ಮಗ್ಗದವರಿಗೆ ಕೊಡಬಹುದು. ಹೆಂಗಸರು ತಾಲೀಮಿನ ಹೊಸ್ತಿಲು ದಾಟುವುದೇ ಎಂದು ಹಿರಿಯ ವಸ್ತಾದರು ಹುಬ್ಬೇರಿಸಿದರೆ, ತಮ್ಮ ಮನೆಯ ಸೊಸೆಗೆ ಟೊಂಕ ನೋವು ಎಷ್ಟು ವರ್ಷದಿಂದ ಇದೆ ಎಂದು ಮೊದಲು ಕೇಳಿ, ಆಮೇಲೆ ಕೀಲಿ ಕೇಳಬೇಕು.